ಸೋಯಾ ಹೊಲದಲ್ಲಿ ಮೂತಿ, ಜೋಳದ ಹೊಲದಲ್ಲಿ ಮೈ: ಕಳೆದುಹೋದ ಒಂದು ರಾಕೆಟ್ಟಿನ ಪ್ರಕರಣ

ದೀಪಾವಳಿಯಲ್ಲಿ ಹಾರಿಸಿದ ರಾಕೆಟ್ಟನ್ನು ಹುಡುಕಿಕೊಂಡು ಹೋದವರನ್ನು ನಾನು ದಾವಣಗೆರೆಯಲ್ಲಿ ಕಂಡಿಲ್ಲ. ಯಾರದೋ ಮಾಳಿಗೆಯ ಮೇಲೆ ಬಿದ್ದರೆ ಬಿತ್ತು. ಬಣವೆಯ ಮೇಲೆ ಬೀಳದಿದ್ದರೆ ಸಾಕು ಎನ್ನುವುದಷ್ಟೇ ಮನೆಯವರ ಚಿಂತೆ. ಅಮೆರಿಕದ ಇಲಿನಾಯ್ ರಾಜ್ಯದ ನಡುಭಾಗದಲ್ಲಿ ನೆಲೆಸಿ, ಹನ್ನೊಂದು ವರ್ಷದ ಮಗಳ ಜೊತೆ ಮಾದರಿ ರಾಕೆಟ್ ಕಟ್ಟಲು ಕುಳಿತ ಮೇಲೆ ಗೊತ್ತಾಯಿತು, ಇಲ್ಲಿ ಹಾರಿಸುವುದು ಅರ್ಧ ಕೆಲಸ, ಹುಡುಕುವುದು ಇನ್ನರ್ಧ.

ಈ ಹವ್ಯಾಸದ ಹುಟ್ಟೇ ಹಾಗಿದೆ. 1954ರಲ್ಲಿ ನೆಬ್ರಾಸ್ಕಾದ ನಾರ್ಫೋಕ್ ಎಂಬ ಊರಿನಲ್ಲಿ ಪಾದರಕ್ಷೆ ಅಂಗಡಿ ನಡೆಸುತ್ತಿದ್ದ, ಬಾಣಬಿರುಸಿನ ಹುಚ್ಚಿದ್ದ ಆರ್ವಿಲ್ ಕಾರ್ಲೈಲ್ ತನ್ನ ಸಹೋದರ ರಾಬರ್ಟ್ ಜೊತೆ ಸೇರಿ ಮಾಡಿದ ಮೊದಲ ಮಾದರಿಗೆ ಇಟ್ಟ ಹೆಸರು 'ರಾಕ್-ಎ-ಶೂಟ್'. ಶೂಟ್ ಎಂದರೆ ಪ್ಯಾರಾಚೂಟ್ ಎಂಬ ಪದದ ಬಾಲ. ಮೇಲೆ ಹೋದದ್ದು ಮೆಲ್ಲಗೆ ಇಳಿಯಬೇಕು, ಹೊಸ ಮೋಟಾರು ತುಂಬಿಸಿಕೊಂಡು ಮತ್ತೆ ಹಾರಬೇಕು ಎಂಬುದು ಹೆಸರಿನಲ್ಲಿಯೇ ಇತ್ತು. ಪಟಾಕಿಗೂ ಇದಕ್ಕೂ ಇರುವ ವ್ಯತ್ಯಾಸ ಅದು. ಮರಳಿ ಸಿಗದಿದ್ದರೆ ಇದೂ ದುಬಾರಿ ಪಟಾಕಿಯೇ.

ನಮ್ಮ ರಾಕೆಟ್ ಕಳೆದದ್ದು ಜುಲೈ ಎರಡನೆಯ ವಾರದಲ್ಲಿ, ಅದರ ನಾಲ್ಕನೆಯ ಹಾರಾಟದಲ್ಲಿ. ಏಳು ದಿನಗಳ ನಂತರ ಸಿಕ್ಕಿತು. ಸಿಕ್ಕ ಜಾಗ ನಾವು ಹುಡುಕಿದ ದಿಕ್ಕಿಗೆ ನೇರ ವಿರುದ್ಧವಾಗಿತ್ತು. ಅದೇಕೆ ಹಾಗಾಯಿತು ಎಂಬುದಕ್ಕೆ ಉತ್ತರ ಮೈದಾನದಲ್ಲಿ ಸಿಗಲಿಲ್ಲ, ಪೊಟ್ಟಣದೊಳಗೆ ಸಿಕ್ಕಿತು. ಹಾಗಾಗಿ ಪೊಟ್ಟಣದಿಂದಲೇ ಶುರು ಮಾಡುತ್ತೇನೆ.

ಪೊಟ್ಟಣದೊಳಗೆ ಇದ್ದದ್ದು

ಕಂಪನಿಯ ಹೆಸರು ಬೇಡ. ಇಪ್ಪತ್ತು ಡಾಲರಿನ ಆಸುಪಾಸಿನ ಕಿಟ್. ಸುಮಾರು ನಲವತ್ತು ಸೆಂಟಿಮೀಟರ್ ಉದ್ದದ ಕಾಗದದ ಕೊಳವೆ, ಪ್ಲಾಸ್ಟಿಕ್ಕಿನ ಚೂಪು ಮೂತಿ, ಬಾಲ್ಸಾ ಮರದ ಹಾಳೆಯಲ್ಲಿ ಕತ್ತರಿಸಿಟ್ಟ ಮೂರು ರೆಕ್ಕೆ, ಮೋಟಾರು ಕೂರಿಸುವ ಉಂಗುರಗಳು, ಮೂವತ್ತು ಸೆಂಟಿಮೀಟರ್ ಅಗಲದ ತೆಳು ಪ್ಲಾಸ್ಟಿಕ್ ಪ್ಯಾರಾಚೂಟ್, ಮೂತಿಯನ್ನೂ ಕೊಳವೆಯನ್ನೂ ಜೋಡಿಸುವ ಒಂದು ಇಲಾಸ್ಟಿಕ್ ಪಟ್ಟಿ.

ಮೊದಲು ಕಣ್ಣಿಗೆ ಬಿದ್ದದ್ದು ಬಾಲ್ಸಾ ಹಾಳೆ. ಅದು ಹಪ್ಪಳದಂತೆ ಡೊಂಕಾಗಿತ್ತು. ಅಚ್ಚು ಮೊಂಡಾಗಿದ್ದುದರಿಂದ ರೆಕ್ಕೆಗಳ ಅಂಚು ಕತ್ತರಿಸಿದಂತಿರಲಿಲ್ಲ, ಜಜ್ಜಿದಂತಿತ್ತು. ಅದನ್ನಾದರೂ ಉಪ್ಪುಕಾಗದದಿಂದ ಉಜ್ಜಿ ಸರಿಮಾಡಬಹುದು. ಮಾಡಲಾಗದ್ದು ಇನ್ನೊಂದಿತ್ತು. ಬಾಲ್ಸಾದ ನಾರು ರೆಕ್ಕೆಯ ಮುಂಚೂಣಿ ಅಂಚಿಗೆ ಸಮಾನಾಂತರವಾಗಿ ಇರಬೇಕು, ಆಗ ರೆಕ್ಕೆಗೆ ಬಲ. ಎರಡು ರೆಕ್ಕೆಗಳಲ್ಲಿ ಹಾಗೆಯೇ ಇತ್ತು. ಮೂರನೆಯದನ್ನು ಮಾತ್ರ ಹಾಳೆಯ ಮೂಲೆಯಲ್ಲಿ ಉಳಿದ ಜಾಗಕ್ಕೆ ಹೊಂದಿಸಲು ತಿರುಗಿಸಿ ಅಚ್ಚು ಹಾಕಿದ್ದರು. ದರ್ಜಿ ಬಟ್ಟೆ ಉಳಿಸಲು ಒಂದು ತೋಳನ್ನು ಅಡ್ಡ ಕತ್ತರಿಸಿದ ಹಾಗೆ.

ಮೂತಿಯ ಎರಡು ಅರ್ಧಗಳು ಕೂಡಿದ ಗೆರೆಯ ಉದ್ದಕ್ಕೂ ಪ್ಲಾಸ್ಟಿಕ್ಕಿನ ಏಣು. ಅದರ ಬುಡದಲ್ಲಿ ಇಲಾಸ್ಟಿಕ್ ಕಟ್ಟಬೇಕಾದ ಕಿವಿಯ ತೂತು ಅರ್ಧ ಮುಚ್ಚಿಹೋಗಿತ್ತು. ಸೂಜಿ ಕಾಯಿಸಿ ಬಿಡಿಸಬೇಕಾಯಿತು. ಮೋಟಾರಿನ ಉಂಗುರಗಳಲ್ಲಿ ಒಂದು ಕೊಳವೆಯೊಳಗೆ ಗಡಗಡ ಅಲ್ಲಾಡುತ್ತಿತ್ತು, ಅದಕ್ಕೆ ಕಾಗದದ ಟೇಪು ಸುತ್ತಿದೆವು. ಸೂಚನೆಯ ಹಾಳೆಯಲ್ಲಿ ಬರೀ ಚಿತ್ರ. ಇಷ್ಟೆಲ್ಲ ಬೈದುಕೊಳ್ಳುತ್ತಾ ನಾವು ಬೈಯದೆ ಬಿಟ್ಟ ಒಂದೇ ವಸ್ತು ಇಲಾಸ್ಟಿಕ್. ಅದು ಹೊಸದಾಗಿ, ಬಿಳಿಯಾಗಿ, ಚೆನ್ನಾಗಿ ಹಿಗ್ಗುತ್ತಿತ್ತು. ಉದ್ದ ನಲವತ್ತೈದು ಸೆಂಟಿಮೀಟರ್ ಮಾತ್ರ. ರಾಕೆಟ್ಟಿನ ಮೈಯುದ್ದದ ಎರಡರಿಂದ ಮೂರು ಪಟ್ಟು ಇರಬೇಕೆಂಬುದು ಕಟ್ಟಿ ಪಳಗಿದವರ ಲೆಕ್ಕ ಎಂದು ನನಗೆ ಆಗ ತಿಳಿದಿರಲಿಲ್ಲ.

ಬಣ್ಣದ ಆಯ್ಕೆ ಮಗಳದು. ಮೈಗೆ ಗಿಳಿಹಸಿರು, ರೆಕ್ಕೆಯ ತುದಿಗೆ ಹಳದಿ, ಮೂತಿಗೆ ಕೆಂಪು. ಹೆಸರು 'ಗಿಳಿ'. ಸುತ್ತ ನಾಲ್ಕೂ ದಿಕ್ಕಿಗೆ ಹಸಿರು ಹೊಲಗಳಿರುವ ಊರಿನಲ್ಲಿ ಹಸಿರು ರಾಕೆಟ್ ಏಕೆ ಎಂದು ನಾನಾದರೂ ಕೇಳಬೇಕಿತ್ತು. ಬಣ್ಣ ಚೆನ್ನಾಗಿ ಕೂತಿದೆ ಎಂದು ಹೊಗಳಿದೆ.

ನಾಲ್ಕನೆಯ ಹಾರಾಟ

ಮೋಟಾರಿನ ಮೇಲೆ ಬರೆದಿರುವ ಗುರುತನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಮ್ಮನ್ನು ಅದೂ ದಾರಿ ತಪ್ಪಿಸಿತು. ಎ8-3, ಬಿ6-4, ಸಿ6-5 ಎಂದು ಇರುತ್ತದೆ. ಅಕ್ಷರ ಒಟ್ಟು ಶಕ್ತಿಯನ್ನು ಹೇಳುತ್ತದೆ. ಒಂದೊಂದು ಅಕ್ಷರ ಮುಂದೆ ಹೋದಂತೆ ಮಿತಿ ಇಮ್ಮಡಿಯಾಗುತ್ತದೆ. ಮೊದಲ ಅಂಕಿ ಸರಾಸರಿ ನೂಕುಬಲ, ನ್ಯೂಟನ್ ಲೆಕ್ಕದಲ್ಲಿ. ಕೊನೆಯ ಅಂಕಿ, ಉರಿದು ಮುಗಿದ ಮೇಲೆ ಎಷ್ಟು ಸೆಕೆಂಡಿಗೆ ಒಳಗಿನ ಪುಟ್ಟ ಮದ್ದು ಸಿಡಿದು ಮೂತಿಯನ್ನೂ ಪ್ಯಾರಾಚೂಟನ್ನೂ ಹೊರಗೆ ದೂಡಬೇಕು ಎಂಬುದು. ಸಿ ಎಂದರೆ ದೊಡ್ಡದು, ಆದ್ದರಿಂದ ಜೋರಾಗಿ ನೂಕುತ್ತದೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಅಂಕಿ ನೋಡಿ: ಎ8ಕ್ಕೆ ಎಂಟು ನ್ಯೂಟನ್, ಸಿ6ಕ್ಕೆ ಆರು. ಸಿ ಮೋಟಾರು ಹೆಚ್ಚು ಹೊತ್ತು ನೂಕುತ್ತದೆ, ಹೆಚ್ಚು ಜೋರಾಗಿ ಅಲ್ಲ. ಜೊತೆಗೆ ಅದರ ತೂಕವೂ ಹೆಚ್ಚು. ಹಾಗಾಗಿ, ಹಾರುವ ಮುನ್ನ ರಾಕೆಟ್ಟನ್ನು ನೆಟ್ಟಗೆ ಹಿಡಿದಿಡುವ ಸರಳಿನಿಂದ ಬಿಡಿಸಿಕೊಳ್ಳುವಾಗ ರಾಕೆಟ್ ನಿಧಾನವಾಗಿರುತ್ತದೆ, ಪಕ್ಕದಿಂದ ಬೀಸುವ ಗಾಳಿಗೆ ಹೆಚ್ಚು ಸಿಗುತ್ತದೆ.

ಮೊದಲ ಮೂರು ಹಾರಾಟ ಎರಡು ಎ, ಒಂದು ಬಿ. ಮೂರೂ ಮೈದಾನದೊಳಗೇ ಇಳಿದವು. ಎರಡನೆಯ ಸಲ ಇಳಿದಾಗ ಒಂದು ರೆಕ್ಕೆ ಮುರಿಯಿತು. ಯಾವುದು ಎಂದು ಹೇಳಬೇಕಾಗಿಲ್ಲ. ಮೂರನೆಯ ಸಲ ಇನ್ನೊಂದು ಸಂಗತಿ ನಡೆಯಿತು, ಅದನ್ನು ಮುಂದೆ ಹೇಳುತ್ತೇನೆ.

ಆ ಭಾನುವಾರ ಬೆಳಿಗ್ಗೆ ಗಾಳಿ ಪಶ್ಚಿಮದಿಂದ, ಸೆಕೆಂಡಿಗೆ ನಾಲ್ಕು ಮೀಟರಿನಷ್ಟು. ಗಂಟೆಗೆ 20 ಮೈಲಿ ಮೀರಿದ ಗಾಳಿಯಲ್ಲಿ ಹಾರಿಸಬಾರದೆಂಬುದು ಇಲ್ಲಿನ ಸುರಕ್ಷತಾ ನಿಯಮ. ನಮ್ಮದು ಅದರ ಅರ್ಧವೂ ಇರಲಿಲ್ಲ. ಸಿ ಮೋಟಾರಿಗೆ ಮೈದಾನ ಕನಿಷ್ಠ 400 ಅಡಿ ಇರಬೇಕು; ಊರಿನ ಉದ್ಯಾನದ್ದು ಅದಕ್ಕಿಂತ ದೊಡ್ಡದೇ ಇತ್ತು. ಪ್ಯಾರಾಚೂಟ್ ಪೂರ್ವಕ್ಕೆ ತೇಲುತ್ತದೆಂದು ಲೆಕ್ಕ ಹಾಕಿ ಸರಳನ್ನು ಪಶ್ಚಿಮದ ತುದಿಯಲ್ಲಿ ನೆಟ್ಟೆವು. ಬೆನ್ನ ಹಿಂದೆ ಇಪ್ಪತ್ತು ಮೀಟರಿಗೆ ಮೆಕ್ಕೆಜೋಳದ ಹೊಲ. ಎದುರಿಗೆ ಮೈದಾನ, ಅದರಾಚೆ ರಸ್ತೆ, ರಸ್ತೆಯಾಚೆ ಸೋಯಾ ಹೊಲ. ನಿಯಮದಲ್ಲಿ ಏನೂ ತಪ್ಪಿರಲಿಲ್ಲ.

ಸಿ6-5 ಹೊತ್ತಿಕೊಂಡಿತು. ಹೊಗೆಯ ಗೆರೆ ನೆಟ್ಟಗೆ ಹೋಗಲಿಲ್ಲ, ನಮ್ಮ ತಲೆಯ ಹಿಂದಕ್ಕೆ ಬಾಗಿತು. ಸೂರ್ಯ ಕಣ್ಣಿಗೆ ಹೊಡೆಯಿತು. ಮೇಲೆಲ್ಲೋ ಪಟ್ ಎಂದಿತು. ಕೆಲವು ಕ್ಷಣಗಳ ನಂತರ ಪ್ಯಾರಾಚೂಟ್ ಕಂಡಿತು, ಬಿಡಿಸಿಕೊಂಡಿತ್ತು. ಮೂವರು ನೆರೆಯವರು, ಎರಡು ಮಕ್ಕಳು, ನಾವಿಬ್ಬರು, ಎಲ್ಲರೂ ಅದನ್ನೇ ನೋಡುತ್ತಾ ನಿಂತೆವು. ಅದು ಇಳಿಯುವ ಮನಸ್ಸೇ ಇಲ್ಲದಂತೆ ಮೈದಾನ ದಾಟಿತು, ರಸ್ತೆ ದಾಟಿತು, ಸೋಯಾ ಹೊಲದ ನಡುವೆ ಎಲ್ಲೋ ಮುಳುಗಿತು. ಎರಡು ನಿಮಿಷಕ್ಕೂ ಹೆಚ್ಚು ಹಿಡಿಯಿತು. ಅಷ್ಟು ಹೊತ್ತು ಹಿಡಿದದ್ದೇ ನಮಗೆ ಸಿಕ್ಕ ಮೊದಲ ಸುಳಿವು. ನಾವು ಚಪ್ಪಾಳೆ ತಟ್ಟಿದೆವು.

ಹೊಲದ ಯಜಮಾನರನ್ನು ಕೇಳದೆ ಸೋಯಾದೊಳಗೆ ಓಡಿದ್ದು ತಪ್ಪು, ಆ ಸಂಜೆ ಹೋಗಿ ಕ್ಷಮೆ ಕೇಳಿದೆ. ಮೊಣಕಾಲು ಮೀರಿದ ಬೆಳೆಯಲ್ಲಿ ಮುಕ್ಕಾಲು ಗಂಟೆ ಅಲೆದ ಮೇಲೆ ಮಗಳು ಕೂಗಿದಳು. ಹೋಗಿ ನೋಡಿದರೆ ಅವಳ ಕೈಯಲ್ಲಿ ಪ್ಯಾರಾಚೂಟ್, ಕೆಂಪು ಮೂತಿ, ಮೂತಿಗೆ ಜೋತುಬಿದ್ದ, ತುಂಡಾದ ಇಲಾಸ್ಟಿಕ್.

"ಅಪ್ಪಾ, ಗಿಳಿಯ ಕೊಕ್ಕು ಮಾತ್ರ ಬಂದಿದೆ."

ಮೊಬೈಲಿನ ನಕ್ಷೆಯ ಪ್ರಕಾರ ಸರಳಿನಿಂದ ಅಲ್ಲಿಗೆ ಸುಮಾರು 490 ಮೀಟರ್. ಮೈ ಅಲ್ಲೇ ಅಕ್ಕಪಕ್ಕ ಇರಬೇಕೆಂದು ಇನ್ನೊಂದು ಗಂಟೆ ಹುಡುಕಿದೆವು. ನೆಲಕ್ಕೆ ತಾಗುವಾಗ ತುಂಡಾಗಿರಬೇಕು ಎಂದು ಒಬ್ಬರು; ರಸ್ತೆಯ ಮೇಲೆ ಬಿದ್ದು ಯಾರೋ ಎತ್ತಿಕೊಂಡು ಹೋಗಿರಬೇಕು ಎಂದು ಇನ್ನೊಬ್ಬರು. ಮೈದಾನದ ಹುಲ್ಲನ್ನೂ ಸಾಲು ಹಿಡಿದು ನಡೆದು ನೋಡಿದೆವು. ನನ್ನ ಹೆಜ್ಜೆಯೂ ಮಗಳ ಹೆಜ್ಜೆಯೂ ಒಂದೇ ಎಂದು ಎಣಿಸಿಕೊಂಡು ಗುರುತು ಹಾಕಿದ್ದರಿಂದ ಮೈದಾನದ ಒಂದು ಪಟ್ಟಿಯನ್ನು ಮೂರು ಸಲ ನೋಡಿದೆವು, ಒಂದು ಪಟ್ಟಿಯನ್ನು ನೋಡಲೇ ಇಲ್ಲ. ಬರಿಗೈಯಲ್ಲಿ ಮನೆಗೆ ಬಂದೆವು.

ಸುಟ್ಟ ತುದಿ

ರಾತ್ರಿ ಅಡುಗೆಮನೆಯ ಮೇಜಿನ ಮೇಲೆ ಇಲಾಸ್ಟಿಕ್ಕಿನ ತುದಿಯನ್ನು ದೀಪಕ್ಕೆ ಹಿಡಿದೆ. ಎಳೆದು ಹರಿದ ಇಲಾಸ್ಟಿಕ್ಕಿನ ತುದಿ ನೂಲು ನೂಲಾಗಿ ಕೆದರಿರುತ್ತದೆ. ಇದು ಹಾಗಿರಲಿಲ್ಲ. ಅಗಲದ ಅರ್ಧಕ್ಕಿಂತ ಹೆಚ್ಚು ಭಾಗ ಕಪ್ಪಾಗಿ, ಸೀದ ರೊಟ್ಟಿಯ ಅಂಚಿನಂತೆ ಗರಿಗರಿಯಾಗಿತ್ತು. ಉಗುರಿನಿಂದ ಮುಟ್ಟಿದರೆ ಉದುರಿತು. ಉಳಿದ ಭಾಗ ಮಾತ್ರ ಬಿಳಿ, ಅದಷ್ಟೇ ಎಳೆತಕ್ಕೆ ಹರಿದದ್ದು. ಅಂದರೆ ಈ ಪಟ್ಟಿ ಆ ದಿನ ತುಂಡಾದದ್ದಲ್ಲ. ಮೊದಲೇ ಮುಕ್ಕಾಲುಪಾಲು ಸುಟ್ಟಿತ್ತು, ಆ ದಿನ ಕಾಲು ಭಾಗ ಕೈಕೊಟ್ಟಿತು.

ಸುಟ್ಟದ್ದು ಹೇಗೆ? ಮೂತಿಯನ್ನು ದೂಡುವ ಮದ್ದು ಸಿಡಿದಾಗ ಬಿಸಿ ಅನಿಲ ಕೊಳವೆಯ ಉದ್ದಕ್ಕೂ ನುಗ್ಗುತ್ತದೆ. ಪ್ಯಾರಾಚೂಟಿನ ಕೆಳಗೆ ಬೆಂಕಿ ಹಿಡಿಯದ ತೆಳು ಕಾಗದವನ್ನು ಉಂಡೆ ಮಾಡಿ ತುರುಕುವುದು ಅದನ್ನು ತಡೆಯಲಿಕ್ಕೆ. ಇಷ್ಟು ಅಗಲದ ಕೊಳವೆಗೆ ಮೂರೋ ನಾಲ್ಕೋ ಹಾಳೆ ಬೇಕು. ಮೂರನೆಯ ಹಾರಾಟದ ದಿನ ನಮ್ಮಲ್ಲಿ ಉಳಿದದ್ದು ಎರಡೇ ಹಾಳೆ. "ಬಿ ಮೋಟಾರಿಗೆ ಸಾಕು" ಎಂದು ತೀರ್ಮಾನ ಕೊಟ್ಟವನು ನಾನು. ಮೋಟಾರು ಯಾವುದಾದರೂ ಸಿಡಿಯುವ ಮದ್ದು ಮದ್ದೇ ಎಂಬುದು ಹೊಳೆಯಲಿಲ್ಲ. ಆ ದಿನ ಪ್ಯಾರಾಚೂಟಿನ ಒಂದು ಮಡಿಕೆ ಕರಗಿ ಅಂಟಿಕೊಂಡಿತ್ತು. ಅದನ್ನು ನೋಡಿದೆವು, ಬಿಡಿಸಿದೆವು. ಇಲಾಸ್ಟಿಕ್ಕಿನ ಬುಡವನ್ನು ನೋಡಲಿಲ್ಲ, ಅದು ಕೊಳವೆಯ ಒಳಗೆ, ಬಾಯಿಂದ ಎರಡು ಬೆರಳು ಕೆಳಗೆ, ಕಾಗದದ ಪಟ್ಟಿಯಡಿ ಅಂಟಿಸಿದ ಜಾಗ.

ಹಾಗಾದರೆ ಕಂಪನಿಯನ್ನು ಬೈಯುವ ಹಕ್ಕು ನನಗೆ ಎಷ್ಟು ಉಳಿಯಿತು? ಅರ್ಧ ಉಳಿಯಿತು ಎನ್ನುತ್ತೇನೆ. ಪ್ರತಿ ಹಾರಾಟದಲ್ಲೂ ಬೆಂಕಿಯ ದಾರಿಯಲ್ಲೇ ಇರುವ ಜಾಗಕ್ಕೆ ಸುಡುವ ರಬ್ಬರನ್ನು ಕೊಟ್ಟವರು ಅವರು. ಅಷ್ಟು ಗಿಡ್ಡ ಕೊಟ್ಟವರೂ ಅವರೇ. ಉದ್ದವಿದ್ದಿದ್ದರೆ ಮೂತಿಯ ಜಗ್ಗಾಟ ಹಿಗ್ಗುವುದರಲ್ಲಿಯೇ ಕರಗುತ್ತಿತ್ತು. ಆದರೆ ಕೊಳವೆಯೊಳಗೆ ಸೇರುವ ಮೂತಿಯ ಕತ್ತಿಗೆ ಎರಡು ಕೋಟು ಬಣ್ಣ ತಾಗಿಸಿ ಅದನ್ನು ಬಿರಡೆಯಂತೆ ಬಿಗಿ ಮಾಡಿದ್ದು ನಮ್ಮ ಮನೆಯಲ್ಲಿ. ಬಿಗಿಯಾದಷ್ಟೂ ಒಳಗೆ ಒತ್ತಡ ಏರಿ, ಬಿಟ್ಟಾಗ ಜೋರಾಗಿ ಹಾರುತ್ತದೆ. ಗಾಳಿ ಇರುವ ದಿನ ಸಿ6 ಹಾಕಿದ್ದೂ ನಾವೇ. ಬಾಗಿ ಹೋದ ರಾಕೆಟ್ ತುದಿಯಲ್ಲಿ ಒಂದು ಕ್ಷಣ ನಿಲ್ಲುವುದಿಲ್ಲ, ಅಡ್ಡಲಾಗಿ ಓಡುತ್ತಲೇ ಇರುತ್ತದೆ. ಆ ಓಟದಲ್ಲಿ ಪ್ಯಾರಾಚೂಟ್ ಬಿಚ್ಚಿದರೆ ಜಗ್ಗು ದೊಡ್ಡದು.

ಪಟ್ಟಿ ತುಂಡಾದದ್ದು ಮೇಲೆಯೇ ಎಂದು ಗೊತ್ತಾದ ಮೇಲೆ ಉಳಿದದ್ದು ಲೆಕ್ಕ. ಎತ್ತರ 250 ಮೀಟರ್ ಎಂದು ಹಿಡಿದೆ. ಪೊಟ್ಟಣದ ಮೇಲೆ ಸಾವಿರ ಅಡಿ ಎಂದಿದ್ದರೂ ಬಾಗಿದ್ದಕ್ಕೆ ಸ್ವಲ್ಪ ಕಳೆದೆ. ಇಡೀ ರಾಕೆಟ್ ಖಾಲಿ ಮೋಟಾರಿನೊಂದಿಗೆ ಐವತ್ತು ಗ್ರಾಂ ಇರುತ್ತದೆ. ಆ ಪ್ಯಾರಾಚೂಟಿನಲ್ಲಿ ಸೆಕೆಂಡಿಗೆ ಸುಮಾರು ನಾಲ್ಕು ಮೀಟರ್ ಇಳಿಯಬೇಕು, ಒಂದು ನಿಮಿಷ ಚಿಲ್ಲರೆ. ಮೂತಿ ಮತ್ತು ಪ್ಯಾರಾಚೂಟ್ ಮಾತ್ರವಾದರೆ ಹನ್ನೆರಡು ಗ್ರಾಂ. ತೂಕ ಕಾಲು ಭಾಗವಾದರೆ ಇಳಿಯುವ ವೇಗ ಅರ್ಧವಾಗುತ್ತದೆ, ಹೊತ್ತು ಇಮ್ಮಡಿ, ತೇಲುವ ದೂರವೂ ಇಮ್ಮಡಿ. ನಾವು ಚಪ್ಪಾಳೆ ತಟ್ಟಿದ ಆ ಎರಡು ನಿಮಿಷ ಇದೇ. ಅಷ್ಟು ಹಗುರಾಗಿ ತೇಲಿದ್ದರಲ್ಲಿ ರಾಕೆಟ್ಟಿನ ಮೈ ಇರಲು ಸಾಧ್ಯವೇ ಇರಲಿಲ್ಲ.

ಮೈ ಎಲ್ಲಿಗೆ ಹೋಯಿತು? ರೆಕ್ಕೆಗಳಿರುವ ಬಾಲದ ಕಡೆ ಗಾಳಿ ಹೆಚ್ಚು ಒತ್ತುತ್ತದೆ, ಆದ್ದರಿಂದ ರಾಕೆಟ್ ಗೋಪುರದ ಮೇಲಿನ ಗಾಳಿಕೋಳಿಯಂತೆ ಗಾಳಿಗೆ ಮುಖ ಮಾಡುತ್ತದೆ. ಮೋಟಾರು ಉರಿಯುತ್ತಿರುವಾಗ ಹಾಗೆ ತಿರುಗಿದರೆ ಗಾಳಿ ಬರುವ ಕಡೆಗೇ ಹಾರುತ್ತದೆ. ಮಗಳ ಮೊಬೈಲಿನ ವಿಡಿಯೊದ ಮೊದಲ ಎರಡು ಸೆಕೆಂಡನ್ನು ನಿಲ್ಲಿಸಿ, ದೂರದ ಧಾನ್ಯದ ಕಣಜವನ್ನು ನೆಟ್ಟಗೆ ಹಿಡಿದು, ಅವಳ ಜ್ಯಾಮಿತಿ ಪೆಟ್ಟಿಗೆಯ ಕೋನಮಾಪಕವನ್ನು ಪರದೆಯ ಮೇಲಿಟ್ಟೆವು. ಹೊಗೆಯ ಗೆರೆ ಪಶ್ಚಿಮಕ್ಕೆ ಇಪ್ಪತ್ತೈದು ಡಿಗ್ರಿ ವಾಲಿತ್ತು. 250 ಮೀಟರ್ ಎತ್ತರಕ್ಕೆ ಆ ವಾಲು ಸುಮಾರು 115 ಮೀಟರ್. ಪ್ಯಾರಾಚೂಟ್ ಇಲ್ಲದ ಕೊಳವೆ ಪಲ್ಟಿ ಹೊಡೆಯುತ್ತಾ ಇಪ್ಪತ್ತು ಸೆಕೆಂಡಿನಲ್ಲಿ ನೆಲಕ್ಕೆ ಬಂದರೆ ಗಾಳಿ ಅದನ್ನು ಹೆಚ್ಚೆಂದರೆ 80 ಮೀಟರ್ ಹಿಂದಕ್ಕೆ ತಂದಿರಬಹುದು. ಹಾಗಾಗಿ ಅದು ಸರಳಿನಿಂದ ಪಶ್ಚಿಮಕ್ಕೆ, 30ರಿಂದ 90 ಮೀಟರ್ ಒಳಗೆ ಬಿದ್ದಿರಬೇಕು. ನಾವು ಬೆನ್ನು ಹಾಕಿ ನಿಂತಿದ್ದ ಜೋಳದ ಹೊಲದಲ್ಲಿ.

ಜೋಳದೊಳಗೆ

ಬುಧವಾರ ಗುಡುಗು ಸಹಿತ ಮಳೆ ಸುರಿಯಿತು. ಭಾನುವಾರದವರೆಗೆ ಕಾಯಲೇಬೇಕಿತ್ತು. ಎರಡೂ ಹೊಲಗಳ ಯಜಮಾನರು ಒಬ್ಬರೇ, ಎಪ್ಪತ್ತು ದಾಟಿದವರು. ಪ್ರತಿ ಕೊಯ್ಲಿನಲ್ಲೂ ಮಿರಿಮಿರಿ ಬಲೂನುಗಳನ್ನು ಆರಿಸಿ ಸಾಕಾಗಿದೆ, ನಿಮ್ಮದನ್ನಾದರೂ ನೀವೇ ತೆಗೆದುಕೊಂಡು ಹೋಗಿ ಎಂದರು. ಸಾಲು ಹಿಡಿದು ನಡೆಯಿರಿ, ಸಾಲು ದಾಟಬೇಡಿ ಎಂಬುದೊಂದೇ ಅವರ ಷರತ್ತು. ನಾನೂ ಮೆಕ್ಕೆಜೋಳದ ಸೀಮೆಯವನೇ ಎಂದಾಗ ಎಕರೆಗೆ ಎಷ್ಟು ಇಳುವರಿ ಎಂದು ಕೇಳಿದರು. ನಮ್ಮ ಕ್ವಿಂಟಲನ್ನು ಅವರ ಬುಶೆಲ್ಲಿಗೆ ಬದಲಿಸುವುದರಲ್ಲಿ ಹತ್ತು ನಿಮಿಷ ಹೋಯಿತು.

ಜುಲೈ ನಡುವಿನ ಇಲಿನಾಯ್ ಜೋಳ ತಲೆ ಮೀರಿ ನಿಂತು ಸೂಲಂಗಿ ಬಿಟ್ಟಿರುತ್ತದೆ. ಜೋಳದ ಗರಿ ತೋಳನ್ನು ಹೇಗೆ ಗೀರುತ್ತದೆಂದು ಊರಿನ ಅನುಭವವಿದ್ದುದರಿಂದ ಪೂರ್ತಿ ತೋಳಿನ ಅಂಗಿ ಹಾಕಿಕೊಂಡಿದ್ದೆ. ಒಳಗಿನ ಧಗೆಗೆ ಅದು ಒದ್ದೆಬಟ್ಟೆಯಾಯಿತು. ಸಾಲಿನಿಂದ ಸಾಲಿಗೆ 30 ಇಂಚು, ಸುಮಾರು ಎಪ್ಪತ್ತಾರು ಸೆಂಟಿಮೀಟರ್. ಸಾಲುಗಳು ಪೂರ್ವ-ಪಶ್ಚಿಮವಾಗಿದ್ದುದು ನಮ್ಮ ಪುಣ್ಯ. ಮೈದಾನದ ಅಂಚಿನಿಂದ ನೇರ ಒಳಹೋಗಬಹುದಿತ್ತು. ಮಗಳು ಹೊರಗೆ, ಬಣ್ಣ ಬಳಿಯುವ ಉದ್ದ ಕೋಲಿಗೆ ಕೆಂಪು ಬಟ್ಟೆ ಕಟ್ಟಿಕೊಂಡು, ನಾನು ಹೊಕ್ಕ ಸಾಲಿನ ಬಾಯಿಯಲ್ಲಿ ನಿಲ್ಲುವುದು. ನಾನು ಎಪ್ಪತ್ತು ಮೀಟರ್ ಒಳಹೋಗಿ ಅದೇ ಸಾಲಿನಲ್ಲಿ ಮರಳುವುದು, ಆಮೇಲೆ ಮೂರು ಸಾಲು ಬಿಟ್ಟು ಮತ್ತೆ. ಹೊಗೆಯ ಗೆರೆ ತೋರಿಸಿದ ಸಾಲಿನಿಂದ ಆರಂಭಿಸಿ ಎಡಕ್ಕೊಮ್ಮೆ ಬಲಕ್ಕೊಮ್ಮೆ. ನಿಂತು ನೋಡಿದರೆ ಜೋಳದಲ್ಲಿ ಏನೂ ಕಾಣುವುದಿಲ್ಲ. ಸೊಂಟ ಬಗ್ಗಿಸಿ ಬುಡದ ಮಟ್ಟದಲ್ಲಿ ನೋಡಿದರೆ ನಾಲ್ಕೈದು ಸಾಲು ಆಚೆಯವರೆಗೂ ನೆಲ ಕಾಣುತ್ತದೆ. ಹಾಗೆ ಬಗ್ಗಿಯೇ ನಡೆದೆ, ಸೊಂಟ ಬೇಡ ಎನ್ನುವವರೆಗೆ.

ಐದನೆಯ ಸಲ ಮರಳುವಾಗ ಬೆನ್ನು ನೆಟ್ಟಗೆ ಮಾಡಲೆಂದು ನಿಂತೆ. ಎದೆಯ ಮಟ್ಟದಲ್ಲಿ, ದಂಟಿಗೂ ಎಲೆಗೂ ನಡುವಿನ ಕಂಕುಳಲ್ಲಿ, ಒಂದು ಹಸಿರು ತೆನೆ. ಅದೇ ತೆನೆಯನ್ನು ಒಳಹೋಗುವಾಗಲೂ ದಾಟಿ ಹೋಗಿದ್ದೆ. ಸುತ್ತಲಿನ ತೆನೆಗಳು ಇನ್ನೂ ಕಿರುಬೆರಳಿನಷ್ಟಿರುವಾಗ ಇದೊಂದು ಮೊಳದುದ್ದ ಏಕಿದೆ, ಇದಕ್ಕೆ ಹಳದಿ ರೆಕ್ಕೆ ಏಕಿದೆ ಎಂದು ಅರ್ಥವಾಗಲು ಒಂದು ಗಳಿಗೆ ಹಿಡಿಯಿತು.

ಹೊಲದ ಅಂಚಿನಿಂದ 41 ಮೀಟರ್, ಸರಳಿನಿಂದ 61. ಮಳೆಯಲ್ಲಿ ನೆನೆದ ಕೊಳವೆ ಸುರುಳಿ ಬಿಚ್ಚಿಕೊಂಡಿತ್ತು. ಮೋಟಾರಿನ ಕವಚವೂ ಕಾಗದದ್ದೇ ಆದ್ದರಿಂದ ಉಬ್ಬಿ ಕೊಳವೆಯೊಳಗೆ ಕಚ್ಚಿಕೊಂಡಿತ್ತು. ಎರಡು ರೆಕ್ಕೆ ಗಟ್ಟಿಯಾಗಿದ್ದವು. ಮೂರನೆಯದು ಅಂಟಿಸಿದ ಜಾಗ ಬಿಟ್ಟು ಹೊಸ ಜಾಗದಲ್ಲಿ, ನಾರಿನ ಗುಂಟ ಮತ್ತೆ ಮುರಿದಿತ್ತು. ಬಾಯಿಯೊಳಗೆ ಬೆರಳು ಹಾಕಿದೆ: ಇಲಾಸ್ಟಿಕ್ಕಿನ ಇನ್ನೊಂದು ತುದಿ ಕಾಗದದಡಿ ಭದ್ರವಾಗಿತ್ತು, ಕಪ್ಪಾಗಿ.

ಆಮೇಲೆ

ಕಂಪನಿಗೆ ಚಿತ್ರಗಳೊಂದಿಗೆ ಬರೆದೆ. ನಮ್ಮ ಎರಡು ಹಾಳೆಯ ಜಿಪುಣತನವನ್ನೂ ಮುಚ್ಚಿಡಲಿಲ್ಲ. ಹತ್ತು ದಿನದಲ್ಲಿ ಹೊಸ ಮೂತಿ, ಹೊಸ ಬಾಲ್ಸಾ ಹಾಳೆ ಕಳುಹಿಸಿದರು, ಮೆಚ್ಚಬೇಕಾದದ್ದೇ. ಇಲಾಸ್ಟಿಕ್ಕಿನ ಬಗ್ಗೆ ಒಂದು ಮಾತಿಲ್ಲ. ಹೊಸ ಹಾಳೆಯಲ್ಲೂ ಮೂರನೆಯ ರೆಕ್ಕೆ ಅಡ್ಡ ನಾರಿನದ್ದೇ. ಅದನ್ನು ಅಚ್ಚಿನ ಪ್ರಕಾರ ಬಳಸದೆ, ಹಾಳೆಯ ಉಳಿದ ಭಾಗದಲ್ಲಿ ನಾರು ನೋಡಿ ನಾವೇ ಕೊಯ್ದುಕೊಂಡೆವು.

ಎರಡನೆಯ ಗಿಳಿಯಲ್ಲಿ ಕೊಳವೆಯ ಬಾಯಿಯ ಬಳಿ ಏನನ್ನೂ ಅಂಟಿಸಿಲ್ಲ. ಸುಲಭಕ್ಕೆ ಸುಡದ ಕೆವ್ಲಾರ್ ದಾರವನ್ನು ಮೋಟಾರಿನ ಉಂಗುರಕ್ಕೆ ಬಿಗಿದು, ಅದರ ತುದಿಗೆ ಹೊಲಿಗೆ ಸಾಮಾನಿನ ಅಂಗಡಿಯಿಂದ ತಂದ ಒಂದು ಮೀಟರಿಗೂ ಹೆಚ್ಚು ಉದ್ದದ ಇಲಾಸ್ಟಿಕ್ ಕಟ್ಟಿದೆವು. ಮೂತಿಯ ಕತ್ತನ್ನು ಉಜ್ಜಿ ಸಡಿಲಿಸಿದೆವು: ಮೂತಿ ಹಿಡಿದು ಎತ್ತಿದರೆ ಮೈ ಬೀಳಬಾರದು, ಒಂದು ಸಲ ಒದರಿದರೆ ಕಳಚಬೇಕು. ಸಿ ಮೋಟಾರಿಗೆ ಪ್ಯಾರಾಚೂಟ್ ಇಲ್ಲ, ಉದ್ದನೆಯ ಹೊಳೆಯುವ ಪಟ್ಟಿ. ಬೇಗ ಇಳಿಯುತ್ತದೆ, ಬಿಸಿಲಿಗೆ ಮಿನುಗುತ್ತದೆ. ನೋಡುವವರು ಇಬ್ಬರು, ನೂರು ಹೆಜ್ಜೆ ಅಂತರದಲ್ಲಿ. ಬಿದ್ದ ತಕ್ಷಣ ಓಡುವಂತಿಲ್ಲ. ಬಿದ್ದ ದಿಕ್ಕಿಗೆ ನೇರವಾಗಿ ದೂರದಲ್ಲಿ ಯಾವ ಮರ, ಯಾವ ಕಂಬ ಎಂದು ಇಬ್ಬರೂ ಗುರುತು ಹಿಡಿಯಬೇಕು. ಎರಡು ಗೆರೆ ಕೂಡುವಲ್ಲಿ ರಾಕೆಟ್. ಮೂರನೆಯವರೊಬ್ಬರು ಸಿಕ್ಕರೆ ಅವರ ಕೆಲಸ ಬೇರೆ: ಪ್ಯಾರಾಚೂಟ್ ಎಷ್ಟೇ ಚೆಂದವಾಗಿ ಬಿಚ್ಚಿದರೂ ಅದರ ಕಡೆ ನೋಡದೆ, ಗಾಳಿ ಬರುವ ಕಡೆಯನ್ನು ನೋಡುತ್ತಾ ನಿಲ್ಲುವುದು. ಮಕ್ಕಳು ಯಾರೂ ಈ ಕೆಲಸಕ್ಕೆ ಒಪ್ಪುವುದಿಲ್ಲ, ಹಾಗಾಗಿ ಅದು ನನ್ನ ಪಾಲಿಗೆ ಬಂದಿದೆ.

ಬಣ್ಣದ ವಿಷಯದಲ್ಲಿ ರಾಜಿಯಾಯಿತು. ಮೈ ಪೂರ್ತಿ ಕಣ್ಣು ಕುಕ್ಕುವ ಕಿತ್ತಳೆ, ಒಂದು ರೆಕ್ಕೆ ಮಾತ್ರ ಗಿಳಿಹಸಿರು. ಆ ರೆಕ್ಕೆಯ ಮೇಲೆ ನಮ್ಮ ದೂರವಾಣಿ ಸಂಖ್ಯೆ.

ಕೊಯ್ಲು ಮುಗಿದ ಅಕ್ಟೋಬರಿನಲ್ಲಿ, ಎರಡೂ ಹೊಲ ಬಯಲಾದ ಮೇಲೆ, ಯಜಮಾನರ ಅನುಮತಿ ಪಡೆದು ಸಿ6-5ರಲ್ಲಿ ಅದನ್ನು ಹಾರಿಸಿದೆವು. ಮತ್ತೆ ಗಾಳಿಗೆ ಮುಖ ಮಾಡಿತು, ಈ ಸಲ ಮೂತಿಯೂ ಮೈಯೂ ಜೊತೆಗೇ ಇಳಿದವು, ಜೋಳದ ಕೂಳೆಗಳ ನಡುವೆ. ಮಗಳು ಎಣಿಸಿದಾಗ ಸರಳಿನಿಂದ 112 ಹೆಜ್ಜೆ, ನಾನು ಎಣಿಸಿದಾಗ 84. ಪುಸ್ತಕದಲ್ಲಿ ಎರಡನ್ನೂ ಬರೆದುಕೊಂಡಿದ್ದೇವೆ.